ಟಿಶ್ಯೂ ಕ್ಯಾಸೆಟ್‌ಗೆ ಎಫ್‌ಇಆರ್ ಬಂದಿದೆಯಾ? ಉತ್ತರ ಬರೆಯುವ ಮೊದಲು ಮಾಡಬೇಕಾದ ಕೆಲಸಗಳು, ಕ್ರಮವಾಗಿ

ಟಿಶ್ಯೂ ಕ್ಯಾಸೆಟ್ ಅಂದರೆ ಬಯಾಪ್ಸಿಯ ಚೂರನ್ನು ಲ್ಯಾಬಿನ ದ್ರವಗಳಲ್ಲಿ ಮುಳುಗಿಸುವಾಗ ಹಿಡಿದಿಡುವ, ರಂಧ್ರಗಳಿರುವ ಸಣ್ಣ ಡಬ್ಬಿ. ಅದಕ್ಕೆ ಪೀಣ್ಯದಲ್ಲಿ ಮೋಲ್ಡ್ ಮಾಡಿಸಿ, ಪರಿಚಯದ ಪೆಥಾಲಜಿ ಲ್ಯಾಬಿನಲ್ಲಿ ಪ್ರಯೋಗ ಮಾಡಿ, ಪೇಟೆಂಟ್‌ಗೆ ಅರ್ಜಿ ಹಾಕಿದ ಸಣ್ಣ ತಂಡಗಳು ನನ್ನ ಹತ್ತಿರ ತರುವ ಕಾಗದ ಸಾಮಾನ್ಯವಾಗಿ ಒಂದೇ. ಪೇಟೆಂಟ್ ಕಚೇರಿಯ ಮೊದಲ ಪರೀಕ್ಷಾ ವರದಿ. ಎಲ್ಲರ ಬಾಯಲ್ಲೂ ಅದು ಎಫ್‌ಇಆರ್. ತರುವ ಹೊತ್ತಿಗೆ ಐದು ತಿಂಗಳು ಕಳೆದಿರುತ್ತದೆ. ಉತ್ತರವನ್ನೂ ಅರ್ಧ ಬರೆದಿರುತ್ತಾರೆ. ತೆರೆದು ನೋಡಿದರೆ ನಾಲ್ಕು ಪುಟ ಪೂರ್ತಿ ‘ನಮ್ಮ ಕ್ಯಾಸೆಟ್ ಅವರದಕ್ಕಿಂತ ಚೆನ್ನಾಗಿದೆ’.

ಚೆನ್ನಾಗಿದೆ ಅಂದ ಮಾತ್ರಕ್ಕೆ ಪೇಟೆಂಟ್ ಸಿಗುವುದಿಲ್ಲ. ಮೂರು ಪ್ರಶ್ನೆಗೆ ಉತ್ತರ ಬೇಕು. ಯಾವ ಭಾಗ ಬೇರೆ? ಆ ಬೇರೆ ಭಾಗದಿಂದ ಒಳಗಿರುವ ಟಿಶ್ಯೂಗೆ ಏನಾಯಿತು? ಆ ಮಾತು ಅರ್ಜಿಯ ಜೊತೆ ಕೊಟ್ಟ ಆವಿಷ್ಕಾರದ ವಿವರಣೆಯಲ್ಲಿ, ಅಂದರೆ ಅರ್ಜಿ ಹಾಕಿದ ದಿನದ ಸ್ಪೆಸಿಫಿಕೇಶನ್‌ನಲ್ಲಿ ಎಲ್ಲಿದೆ? ಸೋತ ಉತ್ತರಗಳಲ್ಲಿ ಕಾಣೆಯಾಗಿರುವುದು ಹೆಚ್ಚಾಗಿ ಮೂರನೆಯದು.

ಈ ಬರಹ ಎಫ್‌ಇಆರ್ ಕೈಗೆ ಬಂದವರಿಗೆ. ಇನ್ನೂ ಬಂದಿಲ್ಲ ಅನ್ನುವವರು ಒಂದು ವಿಷಯ ನೋಡಿಕೊಳ್ಳಿ. ಅರ್ಜಿ ಹಾಕಿದ ಮಾತ್ರಕ್ಕೆ ಪರೀಕ್ಷೆ ಶುರುವಾಗುವುದಿಲ್ಲ, ಫಾರ್ಮ್ 18 ಬೇರೆ ಕೊಡಬೇಕು. 2024ರ ಮಾರ್ಚ್ 15ರಿಂದ ಈಚೆ ಹಾಕಿದ ಅರ್ಜಿಗಳಿಗೆ ಇದರ ಗಡುವು 31 ತಿಂಗಳು. ಮೊದಲು 48 ಇತ್ತು, ಹಳೆಯ ಲೆಕ್ಕ ನಂಬಿ ಕೂರಬೇಡಿ. ಸ್ಟಾರ್ಟಪ್, ಸಣ್ಣ ಉದ್ಯಮ, ಮಹಿಳಾ ಅರ್ಜಿದಾರರಿಗೆ ಫಾರ್ಮ್ 18ಎ ಮೂಲಕ ಬೇಗ ಪರೀಕ್ಷೆ ಮಾಡಿಸಿಕೊಳ್ಳುವ ದಾರಿಯೂ ಇದೆ.

ಮುಂದೆ ವಿವರಿಸಲು ಒಂದು ಕ್ಯಾಸೆಟ್ ಬೇಕಲ್ಲ. ನಾನೇ ಒಂದನ್ನು ಕಟ್ಟಿಕೊಂಡಿದ್ದೇನೆ. ಬಯಾಪ್ಸಿಯ ಸಣ್ಣ ಚೂರುಗಳಿಗೆ ಅಸಿಟಾಲ್ ಪ್ಲಾಸ್ಟಿಕ್ಕಿನ ಡಬ್ಬಿ. ಮುಚ್ಚಳದ ಒಳಬದಿಯಲ್ಲಿ ಒಂದು ಜಾಲರಿ. ಅದನ್ನು ಹಿಡಿದಿರುವುದು ಮುಚ್ಚಳದ ಜೊತೆಗೇ ಅಚ್ಚಾದ ಎರಡು ಬಳುಕುವ ಕಾಲುಗಳು. ಮುಚ್ಚಿದಾಗ ಜಾಲರಿ ಕೆಳಗಿಳಿದು ಟಿಶ್ಯೂವನ್ನು ಮೆಲ್ಲಗೆ ಒತ್ತುತ್ತದೆ. ತಳದಲ್ಲಿ ನಾಲ್ಕು ಸಣ್ಣ ಉಬ್ಬುಗಳಿವೆ. ಹಾಗಾಗಿ ಜಾಲರಿ ತಳಕ್ಕೆ ಪೂರ್ತಿ ಅಂಟುವುದಿಲ್ಲ, 0.3 ಮಿಲಿಮೀಟರ್ ಎತ್ತರದಲ್ಲಿ ನಿಲ್ಲುತ್ತದೆ.

## ಹಂತ 1: ಮೊದಲು ಕ್ಯಾಲೆಂಡರ್

ವರದಿ ಓದುವ ಮುಂಚೆ ಅದರ ಮೇಲಿರುವ ದಿನಾಂಕ ನೋಡಿ. ಆರು ತಿಂಗಳ ಲೆಕ್ಕ ಶುರುವಾಗುವುದು ವರದಿ ಹೊರಬಿದ್ದ ದಿನದಿಂದ. ನೀವು ಮೇಲ್ ತೆರೆದ ದಿನದಿಂದ ಅಲ್ಲ, ಪೇಟೆಂಟ್ ಏಜೆಂಟ್ ನಿಮಗೆ ಕಳಿಸಿದ ದಿನದಿಂದಲೂ ಅಲ್ಲ. ಮೇಲ್ ಸ್ಪ್ಯಾಮ್‌ಗೆ ಹೋಗಿತ್ತು ಅನ್ನುವುದು ನೆಪವಾಗುವುದಿಲ್ಲ. ಆರು ತಿಂಗಳು ಸುಮ್ನೆ ಕಳೆದರೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 21ರ ಪ್ರಕಾರ ಅರ್ಜಿಯನ್ನು ನೀವೇ ಕೈಬಿಟ್ಟಂತೆ.

ಕ್ಯಾಲೆಂಡರ್‌ನಲ್ಲಿ ನಾಲ್ಕು ಗುರುತು ಹಾಕಿ.

ಮೂರನೇ ತಿಂಗಳು. ಇದೇ ಆವಿಷ್ಕಾರಕ್ಕೆ ಹೊರದೇಶದಲ್ಲೂ ಅರ್ಜಿ ಹಾಕಿದ್ದರೆ ಅದರ ವಿವರ ಇರುವ ಫಾರ್ಮ್ 3 ಅನ್ನು ಎಫ್‌ಇಆರ್ ಹೊರಬಿದ್ದ ಮೂರು ತಿಂಗಳೊಳಗೆ ಹೊಸದಾಗಿ ಕೊಡಬೇಕು. ಆರು ತಿಂಗಳಿದೆ ಅಂತ ಕೂತವರು ಎಡವುವುದು ಇಲ್ಲೇ.

ಐದನೇ ತಿಂಗಳ ಕೊನೆ. ಉತ್ತರ ಪೂರ್ತಿ ಸಿದ್ಧವಾಗಿರಬೇಕಾದ ದಿನ.

ಕೊನೆಯ ದಿನಕ್ಕೆ 10 ದಿನ ಮುಂಚೆ. ನಿಮ್ಮ ವಿರುದ್ಧ ತೀರ್ಮಾನ ಮಾಡುವ ಮೊದಲು ಹಿಯರಿಂಗ್ ಕೊಡಿ ಅಂತ ಕೇಳುವ ಹಕ್ಕು ಸೆಕ್ಷನ್ 80ರಲ್ಲಿದೆ. ಕೇಳುವುದಾದರೆ ಗಡುವಿಗೆ ಕನಿಷ್ಠ 10 ದಿನ ಮುಂಚೆ ಕೇಳಿರಬೇಕು. ಆದ್ದರಿಂದ ನನ್ನ ಲೆಕ್ಕದಲ್ಲಿ ನಿಜವಾದ ಕೊನೆ ದಿನ ಇದೇ.

ಆರನೇ ತಿಂಗಳ ಕೊನೆ. ಆಗಲೇ ಇಲ್ಲ ಅಂದರೆ ಫಾರ್ಮ್ 4 ಕೊಟ್ಟು, ಶುಲ್ಕ ಕಟ್ಟಿ ಮೂರು ತಿಂಗಳವರೆಗೆ ಹೆಚ್ಚುವರಿ ಸಮಯ ಕೇಳಬಹುದು. ಆದರೆ ಆರು ತಿಂಗಳು ಮುಗಿಯುವ ಮುಂಚೆ ಕೇಳಬೇಕು.

## ಹಂತ 2: ಟೇಬಲ್ ಮೇಲೆ ಇರಬೇಕಾದ ಸಾಮಾನು

ಅರ್ಜಿ ಹಾಕಿದ ದಿನದ ಸ್ಪೆಸಿಫಿಕೇಶನ್, ಕ್ಲೇಮ್ (ಯಾವುದರ ಮೇಲೆ ಹಕ್ಕು ಕೇಳುತ್ತೀರಿ ಅಂತ ಬರೆದ ಸಾಲುಗಳು) ಮತ್ತು ಚಿತ್ರಗಳ ಪ್ರಿಂಟ್. ಆಮೇಲೆ ತಿದ್ದಿದ ವರ್ಡ್ ಫೈಲ್ ಅಲ್ಲ, ಕಚೇರಿಗೆ ಸೇರಿದ ಪ್ರತಿಯೇ ಬೇಕು. ಎಫ್‌ಇಆರ್‌ನಲ್ಲಿ ಡಿ1, ಡಿ2 ಅಂತ ಹೆಸರಿಸಿದ ಹಳೆಯ ದಾಖಲೆಗಳ ಪೂರ್ತಿ ಪ್ರತಿ. ಭಾರತದ್ದನ್ನು ಪೇಟೆಂಟ್ ಕಚೇರಿಯ ಹುಡುಕು ತಾಣ ಇನ್‌ಪಾಸ್‌ನಲ್ಲಿ, ಹೊರದೇಶದ್ದನ್ನು ಎಸ್ಪಾಸ್‌ನೆಟ್ ಅಥವಾ ಗೂಗಲ್ ಪೇಟೆಂಟ್ಸ್‌ನಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ನಿಮ್ಮ ಕ್ಯಾಸೆಟ್ ಹತ್ತು, ಅಂಗಡಿಯಲ್ಲಿ ಸಿಗುವ ಮಾಮೂಲಿ ಕ್ಯಾಸೆಟ್ ಹತ್ತು, ಒಂದು ವರ್ನಿಯರ್ ಕ್ಯಾಲಿಪರ್, ಎರಡು ಬಣ್ಣದ ಹೈಲೈಟರ್.

ಕ್ಯಾಸೆಟ್ ಯಾಕೆ ಅಂತ ನಗಬೇಡಿ. ಕೈಯಲ್ಲಿ ತೆರೆದು ಮುಚ್ಚದೆ ಬರೆದ ಉತ್ತರ ಓದಿದರೆ ಗೊತ್ತಾಗುತ್ತದೆ.

ಹುಡುಕಾಟದಲ್ಲಿ ಸಹಾಯ ಬೇಕಿದ್ದರೆ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ. ಬೆಂಗಳೂರಿನಲ್ಲಿ ಪೇಟೆಂಟ್ ಕಚೇರಿಯೇ ಇಲ್ಲ, ನಾವು ಬರುವುದು ಚೆನ್ನೈ ವ್ಯಾಪ್ತಿಗೆ. ಹಾಗಂತ ರೈಲು ಹತ್ತಬೇಕಿಲ್ಲ. ಸಲ್ಲಿಕೆ ಆನ್‌ಲೈನ್, ಹಿಯರಿಂಗ್ ವಿಡಿಯೊದಲ್ಲಿ.

## ಹಂತ 3: ವರದಿಯನ್ನು ಹಿಂದಿನಿಂದ ಓದಿ

ಎಫ್‌ಇಆರ್‌ನಲ್ಲಿ ನಾಲ್ಕು ಭಾಗ. ಮೊದಲನೆಯದು ಸಾರಾಂಶ. ಎರಡನೆಯದು ತಾಂತ್ರಿಕ ಆಕ್ಷೇಪಣೆ, ಡಿ1 ಡಿ2 ಇರುವುದು ಅಲ್ಲಿ. ಮೂರನೆಯದು ದಾಖಲೆಗಳಲ್ಲಿನ ಕೊರತೆ. ನಾಲ್ಕನೆಯದು ಕಡತದಲ್ಲಿ ಏನೇನಿದೆ ಅನ್ನುವ ಪಟ್ಟಿ.

ಎಲ್ಲರೂ ಎರಡನೇ ಭಾಗ ಓದಿ ಗಾಬರಿಯಾಗಿ ಮೂರನೆಯದನ್ನು ಮರೆಯುತ್ತಾರೆ. ನೀವು ಮೂರನೆಯದರಿಂದ ಶುರು ಮಾಡಿ. ಅದು ಕೆಲಸ, ವಾದ ಅಲ್ಲ. ಇನ್ವೆಂಟರ್ ಸಹಿ ಇಲ್ಲ, ಏಜೆಂಟ್‌ಗೆ ಕೊಟ್ಟ ಅಧಿಕಾರ ಪತ್ರ ಇಲ್ಲ, ಸಾರಾಂಶ 150 ಪದ ಮೀರಿದೆ, ಕ್ಲೇಮ್‌ನಲ್ಲಿ ಚಿತ್ರದ ಸಂಖ್ಯೆಗಳಿಲ್ಲ, ಚಿತ್ರದ ಹಾಳೆಯ ಅಂಚು ಸರಿ ಇಲ್ಲ. ಇಂಥವು.

ಎಚ್ಚರಿಕೆಯ ಗುರುತು: ಇನ್ವೆಂಟರ್‌ಗಳಲ್ಲಿ ಒಬ್ಬರು ಕಂಪನಿ ಬಿಟ್ಟು ಹೋಗಿದ್ದಾರೆ, ಅವರ ಸಹಿ ಇನ್ನೂ ಬೇಕು. ಇದನ್ನು ಮೊದಲ ವಾರದಲ್ಲೇ ಮಾಡಿ. ಐದನೇ ತಿಂಗಳಲ್ಲಿ ಅವರ ಫೋನ್ ನಂಬರ್ ಹುಡುಕುವುದು ನೋಡೋಕೆ ಚೆನ್ನಾಗಿರಲ್ಲ.

## ಹಂತ 4: ಡಿ1, ಡಿ2 ಓದುವ ವಿಧಾನ

ಮೊದಲು ಪ್ರಕಟವಾದ ದಿನಾಂಕ ನೋಡಿ. ನಿಮ್ಮ ಅರ್ಜಿಯ ದಿನಾಂಕಕ್ಕಿಂತ ಮೊದಲು ಪ್ರಕಟವಾಗಿದ್ದರೆ ಅದನ್ನು ಹೊಸತನ, ಆವಿಷ್ಕಾರದ ಹೆಜ್ಜೆ (ಬಲ್ಲವರಿಗೂ ತಾನಾಗಿ ಹೊಳೆಯದಂಥದ್ದು ಅನ್ನುವ ಗುಣ) ಎರಡರ ವಿರುದ್ಧವೂ ಬಳಸಬಹುದು. ಭಾರತದ ಯಾವುದೋ ಅರ್ಜಿ ನಿಮಗಿಂತ ಮೊದಲು ಸಲ್ಲಿಕೆಯಾಗಿ, ನಿಮ್ಮ ದಿನಾಂಕದ ನಂತರ ಪ್ರಕಟವಾಗಿದ್ದರೆ ಲೆಕ್ಕ ಬೇರೆ. ಅದರ ಕ್ಲೇಮ್‌ನಲ್ಲಿ ನಿಮ್ಮದೇ ವಸ್ತು ಇದೆಯಾ ಅನ್ನುವುದಷ್ಟೇ ಪ್ರಶ್ನೆ. ಅದನ್ನು ಇನ್ನೊಂದರ ಜೊತೆ ಜೋಡಿಸಿ ‘ಇದು ಯಾರಿಗಾದರೂ ಹೊಳೆಯುತ್ತಿತ್ತು’ ಅನ್ನುವಂತಿಲ್ಲ. ವರದಿಯಲ್ಲಿ ಹಾಗೆ ಜೋಡಿಸಿದ್ದರೆ ನಿಮ್ಮ ಉತ್ತರದ ಮೊದಲ ಸಾಲು ಅದೇ.

ಆಮೇಲೆ ಚಿತ್ರಗಳಿಗೆ ಹೋಗಿ. ಕ್ಯಾಸೆಟ್ ಪೇಟೆಂಟ್‌ಗಳಲ್ಲಿ ಬರಹಕ್ಕಿಂತ ಚಿತ್ರ ಜಾಸ್ತಿ ಹೇಳುತ್ತದೆ. ಡಿ2ನ ಮುಚ್ಚಳ ಹೇಗೆ ಮುಚ್ಚುತ್ತದೆ, ಒತ್ತುವ ಭಾಗ ಎಲ್ಲಿಯವರೆಗೆ ಇಳಿಯುತ್ತದೆ, ದ್ರವ ಎಲ್ಲಿಂದ ಒಳಗೆ ಬಂದು ಎಲ್ಲಿಂದ ಹೊರಗೆ ಹೋಗುತ್ತದೆ. ಪೆನ್ಸಿಲ್ ಹಿಡಿದು ಚಿತ್ರದ ಮೇಲೆ ದ್ರವದ ದಾರಿ ಎಳೆಯಿರಿ. ಈ ಒಂದು ಗೆರೆ ಎಷ್ಟೋ ಸಲ ಇಡೀ ವಾದವನ್ನೇ ತೆರೆದು ತೋರಿಸುತ್ತದೆ.

ನಮ್ಮ ಉದಾಹರಣೆಯಲ್ಲಿ ಡಿ1 ಅಂದರೆ ಸಣ್ಣ ರಂಧ್ರಗಳ, ಹಿಂಜ್ ಇರುವ ಮಾಮೂಲಿ ಬಯಾಪ್ಸಿ ಕ್ಯಾಸೆಟ್. ಡಿ2 ಅಂದರೆ ಲೋಹದ ಡಬ್ಬಿ, ಒಳಗೆ ಸುರುಳಿ ಸ್ಪ್ರಿಂಗ್ ಒತ್ತುವ ರಂಧ್ರದ ತಟ್ಟೆ. ಪರೀಕ್ಷಕರು ಬರೆದಿರುವುದು ಇಷ್ಟೇ: ಡಿ1ರ ಕ್ಯಾಸೆಟ್‌ಗೆ ಡಿ2ರ ಒತ್ತುವ ತಟ್ಟೆ ಸೇರಿಸಿದರೆ ನಿಮ್ಮದು, ಇದರಲ್ಲಿ ಹೊಸದೇನು?

ಸಿಟ್ಟು ಮಾಡಿಕೊಳ್ಳಬೇಡಿ. ಪ್ರಶ್ನೆ ನ್ಯಾಯವಾಗಿಯೇ ಇದೆ. ಈಗ ಡಿ2ರ ಚಿತ್ರದಲ್ಲಿ ದ್ರವದ ದಾರಿ ಎಳೆದು ನೋಡಿ. ಒಳಗಿನ ಟಿಶ್ಯೂ ತೆಳುವಾಗಿದ್ದರೆ ತಟ್ಟೆ ತಳಕ್ಕೆ ಕೂರುತ್ತದೆ. ತಟ್ಟೆಯ ರಂಧ್ರ, ತಳದ ರಂಧ್ರ ಒಂದಕ್ಕೊಂದು ಎದುರಾಗಿಲ್ಲ. ದ್ರವ ನಿಂತಿತು. ನಿಮ್ಮ ನಾಲ್ಕು ಉಬ್ಬುಗಳ ಕೆಲಸ ಈಗ ಕಾಣಿಸಿತು ಅಲ್ವಾ?

ಎಚ್ಚರಿಕೆಯ ಗುರುತು: ಡಿ1ನ ಒಂದೇ ಚಿತ್ರದಲ್ಲಿ ನಿಮ್ಮ ಮುಖ್ಯ ಕ್ಲೇಮ್‌ನ ಎಲ್ಲ ಭಾಗಗಳೂ ಕಾಣುತ್ತಿವೆ. ಹಾಗಿದ್ದರೆ ವಾದಕ್ಕೆ ಸಮಯ ಹಾಳು ಮಾಡದೆ ಹಂತ 7ಕ್ಕೆ ಹೋಗಿ, ಕ್ಲೇಮ್ ಕಿರಿದಾಗಿಸಿ.

## ಹಂತ 5: ಭಾಗವಾರು ಪಟ್ಟಿ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಐದು ಕಾಲಂ. ಕ್ಲೇಮ್‌ನ ಭಾಗ, ಡಿ1ರಲ್ಲಿ ಎಲ್ಲಿ, ಡಿ2ರಲ್ಲಿ ಎಲ್ಲಿ, ಆ ಭಾಗದಿಂದ ಟಿಶ್ಯೂಗೆ ಆಗುವ ಪರಿಣಾಮ, ನಮ್ಮ ಸ್ಪೆಸಿಫಿಕೇಶನ್‌ನ ಯಾವ ಪುಟ ಯಾವ ಸಾಲು.

ಕಚೇರಿಗೆ ಹೋಗುವ ಕಾಗದ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ಈ ಹಾಳೆ ಮಾತ್ರ ಕನ್ನಡದಲ್ಲಿ ಬರೆಯಿರಿ. ‘ಜಾಲರಿ ಚೂರನ್ನು ಚಪ್ಪಟೆಯಾಗಿ ಕೂರಿಸುತ್ತೆ, ಜಜ್ಜಲ್ಲ’ ಅಂತ ಬರೆದರೆ ಏನು ಹೇಳುತ್ತಿದ್ದೀರಿ ಅಂತ ನಿಮಗೇ ತಿಳಿಯುತ್ತದೆ. ಅದನ್ನೇ ಮೊದಲು ಇಂಗ್ಲಿಷ್‌ನಲ್ಲಿ ಬರೆದರೆ ದೊಡ್ಡ ದೊಡ್ಡ ಪದಗಳ ಹಿಂದೆ ಅಡಗಿಕೊಳ್ಳುವುದು ಸುಲಭ.

ನಾಲ್ಕನೇ ಕಾಲಂ ತುಂಬುವಾಗ ಲ್ಯಾಬಿನ ಬೆಂಚಿಗೆ ಹೋಗಿ ನಿಲ್ಲಿ. ಪೇಟೆಂಟ್ ಕೆಲಸಕ್ಕೆ ಬರುವ ಮೊದಲು ನಾನು ಹಿಸ್ಟಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಬೆಳಿಗ್ಗೆ ಟಿಶ್ಯೂವನ್ನು ಒಂದೊಂದೇ ದ್ರವದಲ್ಲಿ ಅದ್ದುವ ಯಂತ್ರವಾದ ಪ್ರೊಸೆಸರ್‌ನಿಂದ ಬುಟ್ಟಿ ಎತ್ತಿದಾಗ ಕ್ಯಾಸೆಟ್‌ಗಳು ಬಿಸಿ ಮೇಣದಲ್ಲಿ ಹೊಳೆಯುತ್ತಿರುತ್ತವೆ. ರಿಜಿಸ್ಟರ್‌ನಲ್ಲಿ ‘ಚೂರು 3’ ಅಂತ ಇದೆ. ಮುಚ್ಚಳ ಮುರಿದು ತೆಗೆದರೆ ಎರಡೇ ಕಾಣುತ್ತದೆ. ಆಗ ಬೆನ್ನಲ್ಲಿ ಓಡುವ ಚಳಿ ಇದೆಯಲ್ಲ, ಅದು ಯಾವ ಕಾಲಂನಲ್ಲೂ ಹಿಡಿಯುವುದಿಲ್ಲ. ಬಿಸಿ ಫೋರ್ಸೆಪ್ಸ್ ಹಿಡಿದು ಮುಚ್ಚಳ ತಿರುಗಿಸಿ ನೋಡಿದರೆ ಮೂರನೆಯದು ಒಂದು ಸೀಳಿನಲ್ಲಿ ಅರ್ಧ ಹೊರಗೆ ನೇತಾಡುತ್ತಿತ್ತು. ಎರಡು ಮಿಲಿಮೀಟರ್ ಕೂಡ ಇರಲಿಲ್ಲ.

ಹಾಗಾಗಬಾರದು ಅಂತ ಸಣ್ಣ ಚೂರುಗಳನ್ನು ಸ್ಪಂಜಿನ ಪ್ಯಾಡ್‌ಗಳ ನಡುವೆ ಇಡುತ್ತಾರೆ. ಅದಕ್ಕೂ ತನ್ನದೇ ತೊಂದರೆ. ಸ್ಪಂಜಿನ ಎಳೆಗಳು ಟಿಶ್ಯೂ ಮೇಲೆ ಒತ್ತಿ, ಸ್ಲೈಡಿನಲ್ಲಿ ತ್ರಿಕೋನ ಆಕಾರದ ತೂತುಗಳು ಕಾಣುತ್ತವೆ. ಪೆಥಾಲಜಿಸ್ಟ್‌ಗಳಿಗೆ ಇದು ಚಿರಪರಿಚಿತ. ಇನ್ನೊಂದು ಕಡೆ, ಒಗೆದು ಮತ್ತೆ ಬಳಸುವ ಲೋಹದ ತಟ್ಟೆಯಲ್ಲಿ ಒಬ್ಬ ರೋಗಿಯ ಚೂರು ಉಳಿದು ಇನ್ನೊಬ್ಬರ ಮೇಣದ ಬ್ಲಾಕಿಗೆ ಸೇರುವ ಅಪಾಯ ಇದೆ.

ಈ ಮೂರು ತೊಂದರೆಗಳಲ್ಲಿ ನಿಮ್ಮ ಕ್ಯಾಸೆಟ್ ಯಾವುದನ್ನು, ಯಾವ ಭಾಗದಿಂದ ತಪ್ಪಿಸುತ್ತದೆ? ಜಾಲರಿ ಮುಚ್ಚಳದ ಜೊತೆಗೇ ಅಚ್ಚಾಗಿದೆ. ಎಂಬೆಡಿಂಗ್ (ಚೂರನ್ನು ಮೇಣದಲ್ಲಿ ಕೂರಿಸುವುದು) ವೇಳೆ ಮುಚ್ಚಳ ಮುರಿದು ಬಿಸಾಡಿದರೆ ಅದೂ ಹೋಗುತ್ತದೆ, ಮರುಬಳಕೆಯ ಮಾತೇ ಇಲ್ಲ. ಇದೊಂದು ಪರಿಣಾಮ. ಚೂರು ಒಂದೇ ಮಟ್ಟದಲ್ಲಿ ಚಪ್ಪಟೆಯಾಗಿ ಕೂರುವುದರಿಂದ, ತೆಳುವಾಗಿ ಕತ್ತರಿಸುವ ಯಂತ್ರವಾದ ಮೈಕ್ರೋಟೋಮ್‌ನ ಒಂದೇ ತೆಳು ಪದರದಲ್ಲಿ ಉದ್ದಕ್ಕೂ ಸಿಗುತ್ತದೆ. ಇದು ಇನ್ನೊಂದು. ಉಬ್ಬುಗಳಿಂದ ದ್ರವ ಎಲ್ಲ ಕಡೆ ಹರಿಯುತ್ತದೆ. ಇದು ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿಯಾದದ್ದು.

ಐದನೇ ಕಾಲಂ ಖಾಲಿ ಉಳಿದರೆ? ಆ ಪರಿಣಾಮದ ಮೇಲೆ ಭಾರ ಹಾಕಬೇಡಿ. ಸ್ಪೆಸಿಫಿಕೇಶನ್‌ನಲ್ಲಿ ಇಲ್ಲದ ಮಾತು ಉತ್ತರದಲ್ಲಿ ಎಷ್ಟು ಚೆಂದ ಹೇಳಿದರೂ ಹಿಯರಿಂಗ್‌ನಲ್ಲಿ ಕುಸಿಯುತ್ತದೆ.

## ಹಂತ 6: ಬೆಂಚಿನಿಂದ ಪುರಾವೆ

ಇದಕ್ಕೆ ರೋಗಿಯ ಮಾದರಿ ಬೇಡ. ಅಂಗಡಿಯ ಕೋಳಿ ಲಿವರ್, ಮೇಕೆ ಕಿಡ್ನಿ ಸಾಕು. ಎರಡು ಮಿಲಿಮೀಟರ್ ದಪ್ಪದ ಸಮ ಚೂರುಗಳನ್ನು ಮಾಡಿಕೊಳ್ಳಿ. ಅರ್ಧ ನಿಮ್ಮ ಕ್ಯಾಸೆಟ್‌ಗೆ, ಉಳಿದರ್ಧ ಸ್ಪಂಜ್ ಹಾಕಿದ ಮಾಮೂಲಿ ಕ್ಯಾಸೆಟ್‌ಗೆ. ಎಲ್ಲ ಒಂದೇ ಬುಟ್ಟಿಯಲ್ಲಿ, ಒಂದೇ ರನ್‌ನಲ್ಲಿ ಹೋಗಬೇಕು. 10 ಪ್ರತಿಶತ ಬಫರ್ಡ್ ಫಾರ್ಮಲಿನ್, ಏರುಕ್ರಮದ ಆಲ್ಕೋಹಾಲ್, ಕ್ಸೈಲೀನ್, ಕೊನೆಗೆ ಕರಗಿದ ಮೇಣ. ಲ್ಯಾಬಿನ ದಿನನಿತ್ಯದ ಪ್ರೋಗ್ರಾಂ ಬದಲಿಸಬೇಡಿ. ಬದಲಿಸಿದರೆ ವ್ಯತ್ಯಾಸ ಕ್ಯಾಸೆಟ್‌ನದ್ದೋ ಪ್ರೋಗ್ರಾಂನದ್ದೋ ಹೇಳಲಾಗುವುದಿಲ್ಲ.

ಕ್ಯಾಸೆಟ್ ಮುಖದ ಮೇಲೆ ಪೆನ್ಸಿಲ್‌ನಲ್ಲೇ ಬರೆಯಿರಿ. ಮಾಮೂಲಿ ಮಾರ್ಕರ್ ಆಲ್ಕೋಹಾಲ್, ಕ್ಸೈಲೀನ್‌ನಲ್ಲಿ ಅಳಿಸಿಹೋಗುತ್ತದೆ. ಒಂದು ತಂಡ ಇಡೀ ರನ್ ಮುಗಿಸಿ, ಯಾವುದು ಯಾರದ್ದು ಅಂತ ಗೊತ್ತಾಗದೆ ಮೊದಲಿನಿಂದ ಮಾಡಿತ್ತು.

4 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ, ಎಚ್ ಆಂಡ್ ಇ ಬಣ್ಣ ಹಾಕಿ, ಎರಡೂ ಗುಂಪಿನ ಫೋಟೊ ಒಂದೇ ಮ್ಯಾಗ್ನಿಫಿಕೇಶನ್‌ನಲ್ಲಿ ತೆಗೆಯಿರಿ. ಸ್ಲೈಡ್ ನೋಡುವವರಿಗೆ ಯಾವುದು ಯಾವ ಕ್ಯಾಸೆಟ್ ಅಂತ ಹೇಳಬೇಡಿ. ಎಷ್ಟು ಚೂರು ಹಾಕಿದಿರಿ, ಎಷ್ಟು ವಾಪಸ್ ಬಂತು, ಎಷ್ಟರಲ್ಲಿ ತ್ರಿಕೋನ ತೂತು ಕಂಡಿತು ಅನ್ನುವುದನ್ನು ಎಣಿಸಿ ಬರೆಯಿರಿ. ಕೆಟ್ಟ ಫಲಿತಾಂಶವನ್ನೂ ಬರೆಯಿರಿ.

ಈ ಪುರಾವೆ ಸ್ಪೆಸಿಫಿಕೇಶನ್ ಒಳಗೆ ಸೇರುವುದಿಲ್ಲ. ಆಗಲೇ ಹೇಳಿದ ಪರಿಣಾಮಕ್ಕೆ ಬೆಂಬಲವಾಗಿ, ಪ್ರಯೋಗ ಮಾಡಿದವರ ಸಹಿಯೊಂದಿಗೆ, ಉತ್ತರದ ಜೊತೆ ಹೋಗುತ್ತದೆ ಅಷ್ಟೆ.

## ಹಂತ 7: ಕ್ಲೇಮ್ ತಿದ್ದುವುದು

ಇಲ್ಲಿ ಒಂದೇ ಗೋಡೆ, ಸೆಕ್ಷನ್ 59. ಬಿಟ್ಟುಕೊಡಬಹುದು, ತಪ್ಪು ತಿದ್ದಬಹುದು, ವಿವರಿಸಬಹುದು. ಹೊಸದನ್ನು ಸೇರಿಸುವಂತಿಲ್ಲ. ತಿದ್ದಿದ ಕ್ಲೇಮ್ ಹಳೆಯ ಕ್ಲೇಮ್‌ನ ವ್ಯಾಪ್ತಿಯೊಳಗೇ ಪೂರ್ತಿ ಬೀಳಬೇಕು. ಅಂದರೆ ಅಂಗಿಯನ್ನು ಚಿಕ್ಕದು ಮಾಡಬಹುದು, ಹೊಸ ಬಟ್ಟೆ ಸೇರಿಸಿ ಹೊಲಿಯುವಂತಿಲ್ಲ.

ನಮ್ಮ ಉದಾಹರಣೆಯ ಹಳೆಯ ಕ್ಲೇಮ್ ಹೀಗಿತ್ತು ಅಂದುಕೊಳ್ಳಿ: ‘ತಳ, ಮುಚ್ಚಳ, ಮತ್ತು ಟಿಶ್ಯೂವನ್ನು ಒತ್ತಿ ಹಿಡಿಯುವ ಸಾಧನ ಇರುವ ಕ್ಯಾಸೆಟ್.’ ಇದು ಡಿ2 ಮುಂದೆ ನಿಲ್ಲುವುದಿಲ್ಲ. ಒತ್ತಿ ಹಿಡಿಯುವ ಸಾಧನ ಅಲ್ಲೂ ಇದೆ.

ಕಿರಿದಾಗಿಸಿದ್ದು: ‘ರಂಧ್ರಗಳಿರುವ ತಳ, ಅದಕ್ಕೆ ಹಿಂಜ್‌ನಿಂದ ಸೇರಿದ ಮುಚ್ಚಳ, ಮುಚ್ಚಳದ ಜೊತೆ ಒಂದೇ ತುಂಡಾಗಿ ಅಚ್ಚಾದ ಎರಡು ಬಳುಕುವ ಕಾಲುಗಳ ಮೇಲೆ ನಿಂತ ಜಾಲರಿ, ತಳದ ಮೇಲೆ ಕನಿಷ್ಠ ನಾಲ್ಕು ಉಬ್ಬುಗಳು, ಮುಚ್ಚಿದಾಗ ಜಾಲರಿ ಆ ಉಬ್ಬುಗಳ ಮೇಲೆ ನಿಂತು ತಳದಿಂದ ದೂರ ಉಳಿಯುವುದರಿಂದ ನಡುವೆ ದ್ರವ ಹರಿಯುವ ಜಾಗ ಇರುವುದು.’

ನೋಡಿ, ಭಾಗಗಳ ಪಟ್ಟಿ ಕೊಟ್ಟು ಸುಮ್ಮನಾಗಿಲ್ಲ. ಕಾಲು ಒತ್ತುತ್ತದೆ, ಉಬ್ಬು ತಡೆಯುತ್ತದೆ. ಒಂದಕ್ಕೊಂದು ಸಂಬಂಧ ಬರೆದಿದೆ. ಮುಂದಿನ ಹಂತದಲ್ಲಿ ಇದೇ ನಮ್ಮನ್ನು ಕಾಪಾಡುವುದು.

ಅಳತೆಗಳ ಬಗ್ಗೆ ಒಂದು ಮಾತು. ಕ್ಯಾಡ್ ಚಿತ್ರದ ಅಂಕಿಯನ್ನು ನೇರ ಕ್ಲೇಮ್‌ಗೆ ಹಾಕಬೇಡಿ. ಅಸಿಟಾಲ್ ಅಚ್ಚಿನಲ್ಲಿ ತಣ್ಣಗಾಗುವಾಗ ಸುಮಾರು 2 ಪ್ರತಿಶತ ಕುಗ್ಗುತ್ತದೆ. ಮೋಲ್ಡ್‌ನಲ್ಲಿ ಅದಕ್ಕೆ ಜಾಗ ಬಿಡದಿದ್ದರೆ 40 ಮಿಲಿಮೀಟರ್ ಉದ್ದದ ಕ್ಯಾಸೆಟ್ 0.8 ಮಿಲಿಮೀಟರ್ ಕಮ್ಮಿ ಬರುತ್ತದೆ. ಬಿಗಿ ಅಂಕಿ ಬರೆದು ನಿಮ್ಮ ಸ್ವಂತ ಕ್ಯಾಸೆಟ್ಟೇ ನಿಮ್ಮ ಕ್ಲೇಮ್‌ನ ಹೊರಗೆ ಬಿದ್ದರೆ ಯಾರನ್ನು ಕೇಳುತ್ತೀರಿ? ಅಂಕಿ ಬೇಕೇ ಬೇಕು ಅಂದರೆ ಸ್ಪೆಸಿಫಿಕೇಶನ್‌ನಲ್ಲಿ ಆಗಲೇ ಇರುವ ವ್ಯಾಪ್ತಿ ಬಳಸಿ. ವ್ಯಾಪ್ತಿ ಅಲ್ಲಿಲ್ಲದಿದ್ದರೆ ಈಗ ಹುಟ್ಟಿಸಲಾಗದು.

ತಿದ್ದಿದ ಪ್ರತಿ ಎರಡು ಬಗೆಯಲ್ಲಿ ಕೊಡಿ: ಬದಲಾವಣೆ ಗುರುತು ಮಾಡಿದ್ದು ಒಂದು, ಸ್ವಚ್ಛವಾದದ್ದು ಇನ್ನೊಂದು. ಪ್ರತಿ ಬದಲಾವಣೆಗೂ ಮೂಲ ಸ್ಪೆಸಿಫಿಕೇಶನ್‌ನ ಪುಟ, ಸಾಲು ತೋರಿಸಿ.

ಎಚ್ಚರಿಕೆಯ ಗುರುತು: ‘ಈಗ ಇನ್ನೂ ಚೆನ್ನಾಗಿರುವ ಲಾಕ್ ಮಾಡಿದ್ದೀವಿ, ಅದನ್ನೂ ಸೇರಿಸೋಣ’ ಅಂತ ಯಾರಾದರೂ ಹೇಳಿದರೆ ಪೆನ್ನು ಕೆಳಗಿಡಿ. ಅದು ಬೇರೆಯೇ ಅರ್ಜಿ. ಆ ಅರ್ಜಿ ಹಾಕುವವರೆಗೆ ಆ ಲಾಕ್‌ನ ವಿಡಿಯೊ ಎಲ್ಲೂ ಹಾಕಬೇಡಿ, ಎಕ್ಸ್‌ಪೋದಲ್ಲಿ ಸ್ಟಾಲ್ ಮೇಲೆ ಇಡಬೇಡಿ.

## ಹಂತ 8: ಆಕ್ಷೇಪಣೆವಾರು ಉತ್ತರ

ವರದಿಯಲ್ಲಿರುವ ಕ್ರಮದಲ್ಲೇ ಉತ್ತರಿಸಿ, ಒಂದನ್ನೂ ಬಿಡಬೇಡಿ. ಬಿಟ್ಟಿದ್ದು ಹಿಯರಿಂಗ್ ನೋಟಿಸ್‌ನಲ್ಲಿ ಮತ್ತೆ ಬರುತ್ತದೆ.

ಹೊಸತನ. ಚಿಕ್ಕದಾಗಿ ಮುಗಿಸಿ. ಡಿ1ರಲ್ಲಿ ಜಾಲರಿ ಇಲ್ಲ, ಡಿ2ರಲ್ಲಿ ಒಂದೇ ತುಂಡಿನ ಕಾಲುಗಳಿಲ್ಲ, ಎರಡರಲ್ಲೂ ಉಬ್ಬುಗಳಿಲ್ಲ. ಒಂದೇ ದಾಖಲೆಯಲ್ಲಿ ಎಲ್ಲ ಭಾಗ ಇಲ್ಲ ಅಂದ ಮೇಲೆ ಈ ಆಕ್ಷೇಪಣೆ ಮುಗಿಯಿತು.

ಆವಿಷ್ಕಾರದ ಹೆಜ್ಜೆ. ನಿಜವಾದ ಜಗಳ ಇಲ್ಲಿ. ಕಾಯ್ದೆ ಕೇಳುವುದು ಎರಡು. ಇದ್ದ ತಿಳಿವಳಿಕೆಗಿಂತ ತಾಂತ್ರಿಕ ಮುನ್ನಡೆ ಇರಬೇಕು, ಅಥವಾ ಆರ್ಥಿಕ ಮಹತ್ವ ಇರಬೇಕು, ಅಥವಾ ಎರಡೂ. ಅದರ ಜೊತೆಗೆ ಆ ಕ್ಷೇತ್ರ ಬಲ್ಲವರಿಗೆ ತಾನಾಗಿ ಹೊಳೆಯುವಂಥದ್ದು ಆಗಿರಬಾರದು. ‘ನಮ್ಮದು ಅಗ್ಗ’ ಅಂತ ಬರೆದು ಎರಡನೇ ಅರ್ಧವನ್ನು ಮರೆಯುವವರೇ ಜಾಸ್ತಿ.

ಈ ವಿಷಯದಲ್ಲಿ ಪರೀಕ್ಷಕರು, ವಕೀಲರು ಎಲ್ಲರೂ ಹೇಳುವ ಹಳೆಯ ತೀರ್ಪು ಒಂದಿದೆ. ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಿನದು, 1978ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟದ್ದು. ತಮಾಷೆ ಅಂದರೆ ಅದೂ ಒಂದು ವಸ್ತುವನ್ನು ಹಿಡಿದುಕೊಳ್ಳುವ ಸಾಧನದ್ದೇ ಕಥೆ. ಲೇತ್ ಮೇಲೆ ಪಾತ್ರೆ ಹಿಡಿಯುವ ವ್ಯವಸ್ಥೆ. ಅದು ವರ್ಕ್‌ಶಾಪ್‌ನಲ್ಲಿ ಮಾಡಿಕೊಳ್ಳುವ ಮಾಮೂಲಿ ಸುಧಾರಣೆಯಷ್ಟೇ ಅಂತ ಕೋರ್ಟ್ ಹೇಳಿತು, ಪೇಟೆಂಟ್ ಉಳಿಯಲಿಲ್ಲ. ನಿಮ್ಮ ಉತ್ತರ ಓದಿದವರಿಗೆ ‘ಇದೂ ಅಂಥದ್ದೇ’ ಅನ್ನಿಸಬಾರದು.

ಅನ್ನಿಸದಂತೆ ಬರೆಯುವುದು ಹೇಗೆ? ಡಿ1, ಡಿ2 ಜೋಡಿಸಿದರೆ ನಿಜಕ್ಕೂ ಏನು ಸಿಗುತ್ತದೆ ಅಂತ ತೋರಿಸಿ. ಲೋಹದ ತಟ್ಟೆ ಇರುವ ಪ್ಲಾಸ್ಟಿಕ್ ಕ್ಯಾಸೆಟ್ ಸಿಗುತ್ತದೆ. ತೆಳು ಚೂರಿದ್ದಾಗ ತಟ್ಟೆ ತಳಕ್ಕೆ ಕೂತು ದ್ರವ ನಿಲ್ಲುತ್ತದೆ. ಹರಿವು ನಿಲ್ಲುತ್ತದೆ ಅನ್ನುವ ಸಮಸ್ಯೆಯನ್ನು ಡಿ2 ಎಲ್ಲೂ ಹೇಳಿಲ್ಲ. ಸಮಸ್ಯೆಯೇ ಕಾಣದವರಿಗೆ ಉಬ್ಬುಗಳ ಪರಿಹಾರ ಹೊಳೆಯುವುದು ಹೇಗೆ? ಇದಕ್ಕೆ ಒಂದು ಪ್ಯಾರಾ, ಒಂದು ಚಿತ್ರ, ಹಂತ 6ರ ಒಂದು ಫೋಟೊ ಸಾಕು.

ಸೆಕ್ಷನ್ 3ರ ‘ಎಫ್’. ಗೊತ್ತಿರುವ ಸಾಧನಗಳನ್ನು ಸುಮ್ನೆ ಜೋಡಿಸಿದ್ದು, ಒಂದೊಂದೂ ತನ್ನ ಪಾಡಿಗೆ ಹಳೆಯ ಕೆಲಸವನ್ನೇ ಮಾಡುವುದು ಆವಿಷ್ಕಾರ ಅಲ್ಲ. ಕ್ಯಾಸೆಟ್‌ಗಳಿಗೆ ಇದು ಬಂದೇ ಬರುತ್ತದೆ ಅಂದುಕೊಳ್ಳಿ. ಉತ್ತರ ಹಂತ 7ರಲ್ಲೇ ಇದೆ. ಕಾಲು ಮತ್ತು ಉಬ್ಬು ತಮ್ಮ ಪಾಡಿಗೆ ಇಲ್ಲ. ಕಾಲು ಇಲ್ಲದೆ ಉಬ್ಬಿಗೆ ಕೆಲಸ ಇಲ್ಲ, ಉಬ್ಬಿಲ್ಲದಿದ್ದರೆ ಕಾಲು ಹರಿವನ್ನೇ ನಿಲ್ಲಿಸುತ್ತದೆ. ಇದನ್ನು ಕ್ಲೇಮ್‌ನ ಪದಗಳಿಂದಲೇ ತೋರಿಸಿ.

ಸೆಕ್ಷನ್ 3ರ ‘ಐ’. ‘ಈ ಕ್ಯಾಸೆಟ್ ಬಳಸಿ ಕ್ಯಾನ್ಸರ್ ಪತ್ತೆ ಮಾಡುವ ವಿಧಾನ’ ಅಂತ ಕ್ಲೇಮ್ ಬರೆದಿದ್ದರೆ ರೋಗ ಪತ್ತೆ ವಿಧಾನದ ಆಕ್ಷೇಪಣೆ ಬರುತ್ತದೆ. ನನ್ನ ಸಲಹೆ, ಅದನ್ನು ತೆಗೆದುಹಾಕಿ. ನಿಮ್ಮದು ಡಬ್ಬಿ. ಡಬ್ಬಿಯ ಕ್ಲೇಮ್ ಸಿಕ್ಕರೆ ಸಾಕು.

ಜೈವಿಕ ಸಂಪನ್ಮೂಲ. ‘ಜೈವಿಕ ಮಾದರಿ’ ಅನ್ನುವ ಪದ ಕಂಡ ಕೂಡಲೇ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಎಲ್ಲಿ ಅಂತ ಕೇಳುವುದುಂಟು. ಗಾಬರಿ ಬೇಡ. ಆವಿಷ್ಕಾರ ಪ್ಲಾಸ್ಟಿಕ್ ವಸ್ತು, ಯಾವ ಜೈವಿಕ ಸಂಪನ್ಮೂಲದಿಂದಲೂ ಮಾಡಿದ್ದಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ.

ಸ್ಪಷ್ಟತೆ. ‘ಸೂಕ್ತವಾದ’, ‘ಸುಮಾರು’, ‘ಉತ್ತಮ ಗುಣಮಟ್ಟದ’ ಇವೆಲ್ಲ ಕ್ಲೇಮ್‌ನಿಂದ ಹೊರಗೆ.

ಕೊನೆಯಲ್ಲಿ ತಪ್ಪದೆ ಒಂದು ಸಾಲು: ವಿರುದ್ಧ ತೀರ್ಮಾನಕ್ಕೆ ಮೊದಲು ಹಿಯರಿಂಗ್ ಕೊಡಬೇಕೆಂದು ಕೋರುತ್ತೇವೆ.

## ಹಂತ 9: ಸಲ್ಲಿಕೆ

ಏಜೆಂಟ್ ಮೂಲಕವಾದರೆ ಆನ್‌ಲೈನ್‌ನಲ್ಲೇ. ಡಿಜಿಟಲ್ ಸಿಗ್ನೇಚರ್‌ನ ಅವಧಿ ಮುಗಿದಿದೆಯಾ ಅಂತ ಒಂದು ವಾರ ಮುಂಚೆ ನೋಡಿ. ಕೊನೆಯ ರಾತ್ರಿ ಹನ್ನೊಂದಕ್ಕೆ ಯುಎಸ್‌ಬಿ ಟೋಕನ್ ಕೈಕೊಟ್ಟ ಕಥೆಗಳು ಎಲ್ಲ ಏಜೆಂಟರ ಬಳಿಯೂ ಇವೆ. ಅಪ್‌ಲೋಡ್ ಆದ ಮೇಲೆ ಸ್ವೀಕೃತಿ ಇಳಿಸಿಕೊಳ್ಳಿ, ಮೂರು ದಿನ ಬಿಟ್ಟು ಕಡತದಲ್ಲಿ ಉತ್ತರ ಕಾಣುತ್ತದೆಯಾ, ಎಲ್ಲ ಪುಟ ಇದೆಯಾ ನೋಡಿ.

## ಹಂತ 10: ಹಿಯರಿಂಗ್

ನೋಟಿಸ್‌ನಲ್ಲಿ ಇನ್ನೂ ಉಳಿದಿರುವ ಆಕ್ಷೇಪಣೆಗಳಿರುತ್ತವೆ. ಅವಕ್ಕಷ್ಟೇ ತಯಾರಾಗಿ. ದಿನಾಂಕ ಹೊಂದದಿದ್ದರೆ ಮುಂದೂಡಲು ಕೇಳಬಹುದು. ಕನಿಷ್ಠ ಮೂರು ದಿನ ಮುಂಚೆ, ಕಾರಣ ಕೊಟ್ಟು. ಎರಡು ಸಲಕ್ಕಿಂತ ಹೆಚ್ಚು ಸಿಗುವುದಿಲ್ಲ, ಪ್ರತಿ ಸಲ 30 ದಿನ ಮೀರುವುದಿಲ್ಲ.

ನನ್ನ ಮೊದಲ ಹಿಯರಿಂಗ್ ಇವತ್ತಿಗೂ ನೆನಪಿದೆ. ಅದು ಕ್ಯಾಸೆಟ್ ಅಲ್ಲ, ಇನ್ನೊಂದು ಲ್ಯಾಬ್ ಸಾಮಾನು. ಹದಿನೈದು ನಿಮಿಷ ತಡೆಯಿಲ್ಲದೆ ಮಾತಾಡಿದೆ. ಕಂಟ್ರೋಲರ್ (ತೀರ್ಮಾನ ಮಾಡುವ ಅಧಿಕಾರಿ) ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ನೀವು ಹೇಳಿದ ಈ ಲಾಭ ಸ್ಪೆಸಿಫಿಕೇಶನ್‌ನ ಯಾವ ಪುಟದಲ್ಲಿದೆ? ಪುಟ ತಿರುವಿದೆ. ಮತ್ತೆ ತಿರುವಿದೆ. ಇರಲಿಲ್ಲ. ಬರೆದವನು ನಾನೇ. ಹಂತ 5ರ ಐದನೇ ಕಾಲಂ ಹುಟ್ಟಿದ್ದು ಆ ಮಧ್ಯಾಹ್ನ.

ಆದ್ದರಿಂದ ಪ್ರತಿ ವಾದದ ಪಕ್ಕ ಪುಟ ಸಂಖ್ಯೆ ಬರೆದ ಒಂದೇ ಹಾಳೆ ಮುಂದಿಟ್ಟುಕೊಳ್ಳಿ. ಕ್ಯಾಮೆರಾ ಮುಂದೆ ಕ್ಯಾಸೆಟ್ ತೆರೆದು ಮುಚ್ಚಿ ತೋರಿಸಲು ಅವಕಾಶ ಕೇಳಿ. ಕ್ಲೇಮ್ ಇನ್ನೂ ಸ್ವಲ್ಪ ಕಿರಿದಾಗಿಸಬೇಕಾದರೆ ಎಲ್ಲಿಯವರೆಗೆ ಒಪ್ಪುತ್ತೀರಿ ಅನ್ನುವುದನ್ನು ಮೊದಲೇ ತಂಡದಲ್ಲಿ ತೀರ್ಮಾನಿಸಿರಿ. ಅಲ್ಲೇ ಕೂತು ಮ್ಯೂಟ್ ಮಾಡಿ ಜಗಳ ಆಡಬೇಡಿ.

ಹಿಯರಿಂಗ್ ಆದ 15 ದಿನದೊಳಗೆ ಹೇಳಿದ್ದನ್ನೆಲ್ಲ ಬರಹದಲ್ಲಿ ಕೊಡಬೇಕು, ತಿದ್ದಿದ ಕ್ಲೇಮ್ ಸಮೇತ. ಚೆನ್ನಾಗಿ ನಡೆಯಿತು ಅಂತ ಖುಷಿಯಲ್ಲಿ ಈ 15 ದಿನ ಮರೆತವರಿದ್ದಾರೆ.

## ಹಂತ 11: ತೀರ್ಮಾನ ಬಂದ ಮೇಲೆ

ತಿರಸ್ಕಾರವಾದರೆ ಮರುಪರಿಶೀಲನೆಗೆ ಒಂದು ತಿಂಗಳು, ಹೈಕೋರ್ಟ್‌ಗೆ ಮೇಲ್ಮನವಿಗೆ ಮೂರು ತಿಂಗಳು ಇದೆ. ಆದೇಶದಲ್ಲಿ ನಿಮ್ಮ ವಾದಕ್ಕೆ ಉತ್ತರವೇ ಇಲ್ಲ ಅನ್ನಿಸಿದರೆ ಮೇಲ್ಮನವಿಗೆ ಅರ್ಥ ಇದೆ. ಉತ್ತರ ಇದ್ದು, ಅದು ಕಹಿಯಾಗಿದೆ ಅಷ್ಟೇ ಅಂದರೆ ಒಂದು ವಾರ ಬಿಟ್ಟು ಮತ್ತೆ ಓದಿ.

ಸಿಕ್ಕಿದರೆ ಅವಧಿ 20 ವರ್ಷ, ಲೆಕ್ಕ ಅರ್ಜಿ ಹಾಕಿದ ದಿನದಿಂದ. ಮೂರನೇ ವರ್ಷದಿಂದ ಪ್ರತಿ ವರ್ಷ ನವೀಕರಣ ಶುಲ್ಕ ಇದೆ. ಅರ್ಜಿ ಹಾಕಿ ನಾಲ್ಕೈದು ವರ್ಷವಾದ ಮೇಲೆ ಪೇಟೆಂಟ್ ಸಿಕ್ಕಿದ್ದರೆ ಅಲ್ಲಿಯವರೆಗಿನ ಬಾಕಿ ಒಟ್ಟಿಗೆ ಬೀಳುತ್ತದೆ. ಪೇಟೆಂಟ್ ರಿಜಿಸ್ಟರ್‌ನಲ್ಲಿ ದಾಖಲಾದ ಮೂರು ತಿಂಗಳೊಳಗೆ ಅದನ್ನು ಕಟ್ಟಬೇಕು. ಸಣ್ಣ ಉದ್ಯಮ, ಸ್ಟಾರ್ಟಪ್‌ಗಳಿಗೆ ಆರಂಭದ ವರ್ಷಗಳ ಶುಲ್ಕ ಆನ್‌ಲೈನ್‌ನಲ್ಲಿ ವರ್ಷಕ್ಕೆ 800 ರೂಪಾಯಿ. ಇದನ್ನು ಕಟ್ಟುವವರು ಯಾರು, ಏಜೆಂಟಾ, ನಿಮ್ಮ ಅಕೌಂಟೆಂಟಾ, ನೀವಾ ಅನ್ನುವುದನ್ನು ಸರ್ಟಿಫಿಕೇಟ್ ಫ್ರೇಮ್ ಹಾಕಿಸುವ ಮುಂಚೆ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.